ಗಾಳಿ ಕುಡಿಯುವ ಕಾಲುಗಳು

ಹನ್ನೆರಡು ಲೀಟರ್ ಹಿಡಿಯುವ ಒಂದು ಸಿಲಿಂಡರ್. ಅದರೊಳಗೆ 200 ಬಾರ್ ಒತ್ತಡದಲ್ಲಿ ಅದುಮಿ ಕೂರಿಸಿದ ಗಾಳಿಯನ್ನು ಹೊರಗೆ ಬಿಟ್ಟರೆ ಎಷ್ಟಾಗುತ್ತದೆ ಗೊತ್ತೇ? 2,400 ಲೀಟರ್! ಇಂಥ ಒಂದೊಂದು ಸಿಲಿಂಡರ್ ಬೆನ್ನಿಗೇರಿಸಿಕೊಂಡು ಇಬ್ಬರು ನೇತ್ರಾಣಿ ದ್ವೀಪದ ಪಕ್ಕ 10 ಮೀಟರ್ ಆಳಕ್ಕೆ ಇಳಿದರು ಅನ್ನಿ. ಆಪತ್ತಿಗೆಂದು ಕಾಲು ಭಾಗ ಮುಟ್ಟದೆ ಉಳಿಸಿದರೂ 1,800 ಲೀಟರ್ ಕೈಯಲ್ಲಿದೆ. ಒಬ್ಬರು ಆರಾಮಾಗಿ ಸಾಗುತ್ತಾರೆ, ನಿಮಿಷಕ್ಕೆ 15 ಲೀಟರಿನ ಉಸಿರು. ಇನ್ನೊಬ್ಬರು ಕಾಲು ಬಡಿದು ಬಡಿದು ಏದುಸಿರು ಬಿಡುತ್ತಾರೆ, 30 ಲೀಟರ್. ಆದರೆ 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟು! ಅಲ್ಲಿ ಒಂದೊಂದು ಉಸಿರಿಗೂ ಎರಡು ಉಸಿರಿನ ಗಾಳಿ ಬೇಕು. ಲೆಕ್ಕ ಹಾಕಿ: ಒಬ್ಬರಿಗೆ ಒಂದು ಗಂಟೆ, ಇನ್ನೊಬ್ಬರಿಗೆ ಬರೀ ಅರ್ಧ ಗಂಟೆ. ಅದೇ ಸಮುದ್ರ, ಅದೇ ಸಿಲಿಂಡರ್!

ಉಳಿದರ್ಧ ಗಂಟೆ ಎಲ್ಲಿ ಹೋಯಿತು? ಹೆದರಿಕೆ ಸ್ವಲ್ಪ ತಿಂದಿತು, ನಿಜ. ಅನುಭವದ ಕೊರತೆಯೂ ಒಂದಿಷ್ಟು. ಆದರೆ ಕೆಳಗೆ ನೋಡಿ, ಪಾದಗಳ ಕಡೆಗೆ. ಅಲ್ಲಿರುವ ಎರಡು ರಬ್ಬರ್ ರೆಕ್ಕೆಗಳಿಗೂ ಇದರಲ್ಲಿ ದೊಡ್ಡ ಪಾಲಿದೆ. ಮುಳುಗುಗಾರರು ಅವಕ್ಕೆ ಫಿನ್ಸ್ ಅನ್ನುತ್ತಾರೆ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರಿಗೆ ಸಮುದ್ರದ ಮಾತೇಕೆ ಅನ್ನಬೇಡಿ. ಹಾನಗಲ್ಲಿನಿಂದ ಶಿರಸಿಗೆ ಹೋಗಿ, ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರ ದಾಟಿದರೆ ಮುರುಡೇಶ್ವರ ಬಂದೇಬಿಟ್ಟಿತು! ಅಲ್ಲಿಂದ ನೇತ್ರಾಣಿಗೆ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್, ಅಷ್ಟೇ. ಇನ್ನು ಈಜು? ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಸಿಕೊಂಡು ಬಾವಿಗೆ ಧುಮುಕಿದವರು, ವರದಾ ನದಿಯಲ್ಲಿ ದಡದಿಂದ ದಡಕ್ಕೆ ಪಂದ್ಯ ಕಟ್ಟಿದವರು ಈ ಸೀಮೆಯಲ್ಲಿ ಕಡಿಮೆಯೇ? ಆದರೆ ಬಾವಿಯ ಈಜಿನಲ್ಲಿ ಕೈಯದೇ ಕಾರುಬಾರು. ಸಮುದ್ರದೊಳಗೆ ಕೈ ಕಟ್ಟಿ ಸುಮ್ಮನಿರಬೇಕು, ದುಡಿಯುವುದೆಲ್ಲ ಕಾಲು. ಬಾವಿಯ ಶೂರರು ಮೊದಲ ಮುಳುಗಿನಲ್ಲೇ ತಬ್ಬಿಬ್ಬಾಗುವುದು ಇಲ್ಲೇ!

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರೊಳಗೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಕಸುವು ಎಂಟು ಪಟ್ಟು! ಅಷ್ಟು ದೂರವೂ ಬೇಡ, ವೇಗವನ್ನು ಬರೀ ಕಾಲು ಭಾಗ ಹೆಚ್ಚಿಸಿ ನೋಡಿ, ಶ್ರಮ ಹೆಚ್ಚುಕಮ್ಮಿ ದುಪ್ಪಟ್ಟಾಗಿರುತ್ತದೆ. ಪಕ್ಕದಲ್ಲಿ ಕಡಲಾಮೆ ತೇಲಿಹೋಯಿತೆಂದು ಅದರ ಬೆನ್ನು ಹತ್ತಿದಿರೋ, ಗಾಳಿಯ ಮೀಟರಿನ ಮುಳ್ಳು ಸರ್ರನೆ ಇಳಿಯಿತೆಂದೇ ತಿಳಿಯಿರಿ.

ಹಾಗಾದರೆ ಆ ರಬ್ಬರ್ ರೆಕ್ಕೆ ಮಾಡುವ ಉಪಕಾರವೇನು? ಇಲ್ಲಿದೆ ನನ್ನನ್ನು ಬೆರಗುಗೊಳಿಸಿದ ಗುಟ್ಟು. ಒಂದು ಕಿಲೋ ನೀರನ್ನು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳಿದರೂ, ಎರಡು ಕಿಲೋ ನೀರನ್ನು ಒಂದೇ ಮೀಟರ್ ವೇಗದಲ್ಲಿ ತಳ್ಳಿದರೂ ನಿಮಗೆ ಸಿಗುವ ಮುಂದೂಡಿಕೆ ಒಂದೇ. ಆದರೆ ಮೊದಲನೆಯದಕ್ಕೆ ತಗಲುವ ಶಕ್ತಿ ಎರಡನೆಯದರ ಎರಡರಷ್ಟು! ಬರಿಗಾಲು ಚಿಕ್ಕದು, ಸ್ವಲ್ಪವೇ ನೀರನ್ನು ಹಿಡಿದು ರಭಸದಿಂದ ಒದೆಯಬೇಕು. ಅಗಲದ ರೆಕ್ಕೆ ಹೆಚ್ಚು ನೀರನ್ನು ನಿಧಾನವಾಗಿ ತಳ್ಳುತ್ತದೆ. ಮಳೆಗಾಲದಲ್ಲಿ ಮದಗದ ಕೆರೆಯಂಚಿನ ಕಪ್ಪೆಯ ಹಿಂಗಾಲನ್ನು ಬಗ್ಗಿ ನೋಡಿ: ಬೆರಳುಗಳ ನಡುವೆ ತೆಳ್ಳಗೆ ಹಬ್ಬಿದ ಚರ್ಮ, ಒದೆಯುವಾಗ ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ಕಾಲನ್ನು ಮುಂದಕ್ಕೆ ಎಳೆದುಕೊಳ್ಳುವಾಗ ಮಡಚಿಕೊಳ್ಳುತ್ತದೆ. ತಳ್ಳುವಾಗ ದೊಡ್ಡದು, ಹಿಂದೆಗೆಯುವಾಗ ಚಿಕ್ಕದು. ಎಂಥಾ ಜಾಣತನ!

ಹಾಗಿದ್ದರೆ ಇನ್ನೂ ದೊಡ್ಡ, ಇನ್ನೂ ಗಟ್ಟಿ ಫಿನ್ಸ್ ಕಟ್ಟಿಕೊಂಡರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ! ಗೇರ್ ಸೈಕಲ್ ನೆನಪಿಸಿಕೊಳ್ಳಿ. ಭಾರದ ಗೇರಿನಲ್ಲಿ ಏರು ಹತ್ತಲು ಹೋದರೆ ತೊಡೆ ಉರಿದು ಚಕ್ರ ನಿಲ್ಲುತ್ತದೆ, ತೀರಾ ಹಗುರದ ಗೇರಿನಲ್ಲಿ ಕಾಲು ಗಿರಗಿರ ತಿರುಗುತ್ತದೆ, ದಾರಿ ಸಾಗುವುದಿಲ್ಲ. ಬಿರುಸಾದ ಉದ್ದ ಫಿನ್ಸ್ ಭಾರದ ಗೇರ್. ಪಳಗಿದ ಕಾಲಿಗೆ, ಸೆಳೆತದ ಎದುರು ಸಾಗಬೇಕಾದಾಗ ಅದು ವರ. ಹೊಸಬರಿಗೆ? ಹತ್ತು ನಿಮಿಷದೊಳಗೆ ಮೀನಖಂಡ ಹಿಡಿದುಕೊಂಡು ಪ್ರಾಣ ಹಿಂಡುತ್ತದೆ. ತುಂಬ ಮೆತ್ತಗಿನದು ನೀರನ್ನು ಹಿಡಿಯದೆ ಜಾರಿಸಿಬಿಡುತ್ತದೆ. ನಡು ಸೀಳಿದ ಫಿನ್ಸ್ ಕೂಡ ಉಂಟು! ಒದೆತ ಹಗುರ, ಮೊಣಕಾಲು ನೋವಿನವರಿಗೆ ಹಿತ. ಆದರೆ ಕಪ್ಪೆಯಂತೆ ಒದೆಯಲು, ಹಿಂದಕ್ಕೆ ಸರಿಯಲು ಅಷ್ಟು ಸರಿಬರುವುದಿಲ್ಲ. ಅಂಗಡಿಯವರ ಮಾತು ಕೇಳಿದರೆ ಪ್ರತಿ ಮಾದರಿಯೂ ಜಗತ್ತನ್ನೇ ಗೆಲ್ಲುತ್ತದೆ. ನಾನಂತೂ ಅರ್ಧ ಕಿವಿಯಲ್ಲಿ ಕೇಳುತ್ತೇನೆ.

ಈ ದಣಿವಿನ ಲೆಕ್ಕ ಇವತ್ತಿನದಲ್ಲ ಅನ್ನುವುದು ಇನ್ನೊಂದು ಅಚ್ಚರಿ. ಗಾಳಿಪಟ, ಮಿಂಚಿನ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಹೆಬ್ಬೆರಳಿಗೆ ತೂತಿಟ್ಟ ಹಲಗೆಗಳನ್ನು ಕೈಗೆ ಸಿಕ್ಕಿಸಿಕೊಂಡು ಈಜಿದ್ದ. ವೇಗವೇನೋ ಸಿಕ್ಕಿತು, ಆದರೆ ಮಣಿಕಟ್ಟು ಸೋತಿತು! ಕಾಲಿಗೂ ಚಪ್ಪಲಿಯಂಥದ್ದು ಕಟ್ಟಿ ನೋಡಿದ, ಅದು ಅವನ ಮನಸ್ಸಿಗೆ ಬರಲಿಲ್ಲ. ಫ್ರಾನ್ಸಿನ ಲೂಯಿ ದ ಕಾರ್ಲ್ಯೂ ರಬ್ಬರಿನ ಫಿನ್ಸ್‌ಗೆ ಪೇಟೆಂಟ್ ಪಡೆದದ್ದು 1933ರಲ್ಲಿ. ಕುಸ್ಟೊ ಮತ್ತು ಗಾನ್ಯಾಂ ಅವರ ಆಕ್ವಾಲಂಗ್ ಬಂದದ್ದು 1943ರಲ್ಲಿ. ನೀರೊಳಗೆ ಉಸಿರಾಡುವ ಆ ಯಂತ್ರಕ್ಕಿಂತ ಹತ್ತು ವರ್ಷ ಮೊದಲೇ ರೆಕ್ಕೆ ಸಿದ್ಧವಾಗಿತ್ತು ನೋಡಿ!

ಎಷ್ಟೇ ಒಳ್ಳೆಯ ಫಿನ್ಸ್ ಇರಲಿ, ಮೈ ಓರೆಯಾದರೆ ಎಲ್ಲ ವ್ಯರ್ಥ. ಸೊಂಟಕ್ಕೆ ಸೀಸದ ತೂಕ ಜಾಸ್ತಿಯಾದರೆ ಕಾಲು ಕೆಳಗಿಳಿಯುತ್ತದೆ, ಎದೆ ಗೋಡೆಯ ಹಾಗೆ ನೀರಿಗೆ ಎದುರು ನಿಲ್ಲುತ್ತದೆ, ಅರ್ಧ ಒದೆತ ಬರೀ ತೇಲಲಿಕ್ಕೇ ಹೋಗುತ್ತದೆ. ಫಿನ್ಸ್‌ನ ತೂಕವೂ ಇದರಲ್ಲಿ ಕೈ ಹಾಕುತ್ತದೆ. ದಪ್ಪ ರಬ್ಬರಿನದು ಪಾದವನ್ನು ಕೆಳಗೆಳೆಯುತ್ತದೆ, ಹಗುರ ಪ್ಲಾಸ್ಟಿಕ್ಕಿನದು ಹಾಗೆ ಎಳೆಯುವುದಿಲ್ಲ. ಕಾಲು ಸದಾ ಮುಳುಗುವವರಿಗೆ ಎರಡನೆಯದೇ ವಾಸಿ. ಇನ್ನು ಮೊಣಕಾಲು ಮಡಚಿ ಸೈಕಲ್ ತುಳಿದಂತೆ ಒದೆಯುವವರನ್ನು ಯಾವ ಫಿನ್ಸೂ ಕಾಪಾಡದು. ಚಲನೆ ಸೊಂಟದಿಂದ ಬರಬೇಕು, ಒಂದು ಒದೆತ ಮುಗಿದ ಮೇಲೆ ಜಾರಿಹೋಗಲು ಮೈಗೆ ತುಸು ಬಿಡುವು ಕೊಡಬೇಕು. ಆ ಬಿಡುವಿನಲ್ಲಿ ದಾರಿ ಪುಕ್ಕಟೆ!

ಮುರುಡೇಶ್ವರದಲ್ಲಿ ಮೊದಲ ಬಾರಿ ಇಳಿಯುವವರಿಗೆ ಫಿನ್ಸ್ ಆರಿಸುವ ಉಸಾಬರಿ ಇರುವುದಿಲ್ಲ, ಜೊತೆಗಿರುವ ತರಬೇತುದಾರರೇ ಹಿಡಿದು ನಡೆಸುತ್ತಾರೆ. ಮುಂದೆ ಕಲಿಯುವ ಮನಸ್ಸಾದರೆ ಕೊಳ್ಳಲು ಆತುರಪಡಬೇಡಿ. ಬಾಡಿಗೆಗೆ ಎರಡು ಮೂರು ಬಗೆ ತೊಟ್ಟು ನೋಡಿ. ಹಿಮ್ಮಡಿ ಅಲ್ಲಾಡಬಾರದು, ಬೆರಳು ಒತ್ತಬಾರದು. ಪಟ್ಟಿಯಿರುವ ಮಾದರಿಯಾದರೆ ಒಳಗೆ ಹಾಕುವ ಬೂಟಿಯ ಸಮೇತವೇ ಅಳತೆ ನೋಡಬೇಕು. ಮತ್ತೆ ಅದೇ ಆಳ, ಅದೇ ದಾರಿ, ಅದೇ ವೇಗ ಇಟ್ಟುಕೊಂಡು ಪ್ರತಿ ಸಲವೂ ಮೀಟರಿನಲ್ಲಿ ಎಷ್ಟು ಬಾರ್ ಇಳಿಯಿತೆಂದು ಬರೆದಿಡಿ. ಯಾವ ಜೋಡಿಯಲ್ಲಿ ಕಡಿಮೆ ಇಳಿಯಿತೋ ಅದೇ ನಿಮ್ಮ ಕಾಲಿನದು, ಬೆಲೆ ಎಷ್ಟೇ ಇರಲಿ.