ಆದವಾನಿ ಸೀಮೆಯ ಹರಕೆಯ ಹೆಸರುಗಳು

ರಾಯರ ದರ್ಶನಕ್ಕೆಂದು ಮಂತ್ರಾಲಯಕ್ಕೆ ಹೋಗಿಬಂದವರು ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ತುಂಗಭದ್ರೆಯಲ್ಲಿ ಮಿಂದು, ವೃಂದಾವನಕ್ಕೆ ಪ್ರದಕ್ಷಿಣೆ ಬಂದು, ಮಠದ ಊಟ ಮುಗಿಸಿ, ಹೊಳೆಯಾಚೆಯ ಪಂಚಮುಖಿಗೂ ಒಮ್ಮೆ ಹೋಗಿ, ಪರಿಮಳ ಪ್ರಸಾದದ ಪೊಟ್ಟಣಗಳೊಡನೆ ಊರಿಗೆ ಮರಳುವುದು ವಾಡಿಕೆ. ಆದರೆ ಮಂತ್ರಾಲಯವಿರುವ ಸೀಮೆ ಯಾವುದು, ಅಲ್ಲಿಯ ಜನ ಯಾರು, ಅವರ ಮನೆಮಾತು ಏನು ಎಂದು ವಿಚಾರಿಸಿದವರು ಕಡಿಮೆ. ನಾವೂ ಎರಡು ಬಾರಿ ಹಾಗೆಯೇ ಹೋಗಿಬಂದವರು. ಮೂರನೆಯ ಸಲ, ಕಳೆದ ಮಾಘದಲ್ಲಿ, ಮಂತ್ರಾಲಯದಿಂದ ನೇರ ಹಿಂತಿರುಗದೆ ಆದವಾನಿಯಲ್ಲಿ ನಾಲ್ಕು ದಿನ ನಿಂತೆವು.

ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಆದವಾನಿಯನ್ನು ಈಗ ಎಲ್ಲರೂ ಆದೋನಿ ಎನ್ನುತ್ತಾರೆ. ಹತ್ತಿ, ಶೇಂಗಾದ ದೊಡ್ಡ ಪೇಟೆ. 1953ರ ಅಕ್ಟೋಬರ್ 1ರವರೆಗೆ ಅದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ದಿನ ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು; ಬಳ್ಳಾರಿ ಮೈಸೂರಿಗೆ ಬಂತು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು ನಮಗೆ ಆದದ್ದನ್ನು ಇಲ್ಲಿ ಬೇರೆ ಬರೆಯಬೇಕಾಗಿಲ್ಲ. ಒಂದೇ ಮದರಾಸು ಪ್ರಾಂತ್ಯದಲ್ಲಿದ್ದ ಎರಡು ಕನ್ನಡ ತುಂಡುಗಳು ಎರಡು ದಿಕ್ಕಿಗೆ ಹೋದವು ಎಂದಷ್ಟೇ ಹೇಳಿದರೆ ಸಾಕು.

ಮೊದಲ ಬೆಳಗ್ಗೆ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕುಳಿತಿದ್ದೆವು. ನಮ್ಮ ಮಾತು ಕೇಳಿ ಯಜಮಾನರು, "ನೀವು ಯಾ ಕಡೆಯವರ್ರೀ?" ಎಂದು ಕನ್ನಡದಲ್ಲೇ ವಿಚಾರಿಸಿದರು. ಕಾಸರಗೋಡು ಎಂದೆವು. ಅವರಿಗೆ ಆ ಊರು ಗೊತ್ತಿರಲಿಲ್ಲ. ಕೇರಳ ಎಂದಾಗ, ಅಲ್ಲಿಯೂ ಕನ್ನಡದವರಿದ್ದಾರೆಯೇ ಎಂದು ಆಶ್ಚರ್ಯಪಟ್ಟರು. (ನಮಗೂ ಅವರ ವಿಷಯದಲ್ಲಿ ಅದೇ ಆಶ್ಚರ್ಯವಿತ್ತೆಂಬುದನ್ನು ಹೇಳಲಿಲ್ಲ.) ಅಷ್ಟರಲ್ಲಿ ಚಹಾ ತಂದ ಹುಡುಗನನ್ನು ಅವರು "ಲೇ ಖಾದರಲಿಂಗ" ಎಂದು ಕರೆದರು. ಹುಡುಗನ ಹಣೆಯಲ್ಲಿ ವಿಭೂತಿಯಿತ್ತು. ನಮ್ಮಲ್ಲೊಬ್ಬರು ತಡೆಯಲಾರದೆ, "ನೀನು ಸಾಬರ ಪೈಕಿಯೋ, ಲಿಂಗಾಯತರ ಪೈಕಿಯೋ?" ಎಂದು ಕೇಳಿಯೇಬಿಟ್ಟರು. ಹುಡುಗ ನಕ್ಕ. "ನಮ್ಮವ್ವ ಕೌತಾಳಕ್ಕ ಹರಕಿ ಹೊತ್ತಿದ್ಳು ಸಾರ್. ಅದಕ್ಕ ಈ ಹೆಸರು" ಎಂದು ಹೇಳಿ ಲೋಟ ಎತ್ತಿಕೊಂಡು ಹೋದ. ಕೇಳಿದ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ಅವನಿಗೆ ಅದೊಂದು ಪ್ರಶ್ನೆಯಾಗಿಯೇ ಕಾಣಲಿಲ್ಲವೆಂದು ತೋರುತ್ತದೆ.

ಕೌತಾಳಂನಲ್ಲಿ ಖಾದರಲಿಂಗ ಸ್ವಾಮಿಯ ದರ್ಗಾ ಇದೆ. ಹೆಸರಿನ ಅರ್ಧ ಅರಬ್ಬೀ, ಇನ್ನರ್ಧ ಶೈವ. ಉರುಸಿಗೆ ಮುಸಲ್ಮಾನರೆಷ್ಟೋ ಹಿಂದೂಗಳೂ ಅಷ್ಟೇ ಉತ್ಸಾಹದಿಂದ ಬರುತ್ತಾರೆ. ಸಕ್ಕರೆ ಓದಿಸುವುದು, ಕಾಯಿ ಒಡೆಯುವುದು ಎರಡೂ ಭಕ್ತರಿಗೆ ತಿಳಿದ ಕ್ರಮಗಳೇ. ಮಗುವಾಗದವರು, ಹುಟ್ಟಿದ ಮಕ್ಕಳು ಉಳಿಯದವರು ಹರಕೆ ಹೊತ್ತು, ಮಗುವಿಗೆ ಆ ಹೆಸರನ್ನೇ ಇಡುತ್ತಾರೆ. ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ, ಮೌಲಾಲಪ್ಪ ಎಂಬ ಹೆಸರುಗಳು ಈ ಸೀಮೆಯ ಹಿಂದೂ ಮನೆಗಳಲ್ಲಿ ಧಾರಾಳ. ಮೊಹರಂ ಬಂತೆಂದರೆ ಅದಕ್ಕೆ ಇಲ್ಲಿಯ ಹಳ್ಳಿಗರು ಇಟ್ಟ ಹೆಸರು ಅಲಾಯಿ ಹಬ್ಬ, ತೆಲುಗಿನಲ್ಲಿ ಪೀರ್ಲ ಪಂಡುಗ. ಮುಸಲ್ಮಾನರ ಮನೆ ಒಂದೆರಡೇ ಇರುವ ಹಳ್ಳಿಗಳಲ್ಲೂ ಪೀರುಗಳು ಕೂಡುತ್ತವೆ, ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಕುಣಿಯುತ್ತಾರೆ.

ಇದು ನಮಗೆ ತೀರ ಹೊಸದೇನಲ್ಲ. ಕುಂಬಳೆಯ ಬಳಿ ಆರಿಕ್ಕಾಡಿಯಲ್ಲಿ ಆಲಿ ಭೂತದ ಕಟ್ಟು ಕಂಡವರು, ಆ ಮಾಪಿಳ್ಳೆ ಭೂತದ ಮುಂದೆ ಹಿಂದೂ ಮುಸಲ್ಮಾನರಿಬ್ಬರೂ ಕೈಮುಗಿದು ನಿಲ್ಲುವುದನ್ನು ಬಲ್ಲರು. ಆದರೆ ಕೋಲ ಮುಗಿದ ಮೇಲೆ ಭೂತದ ಹೆಸರನ್ನು ನಾವು ಮಗುವಿಗಿಡುವುದಿಲ್ಲ. ಆದವಾನಿಯವರು ಇಡುತ್ತಾರೆ. ಹಾಗಾಗಿ ಅವರ ನಂಬಿಕೆ ರೇಶನ್ ಕಾರ್ಡಿನಲ್ಲೂ ಕಾಣಸಿಗುತ್ತದೆ.

ಮಂತ್ರಾಲಯದ ಕತೆಯಲ್ಲಿಯೂ ಇದೇ ಎಳೆಯಿದೆ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಆದವಾನಿಯನ್ನು ಆಳುತ್ತಿದ್ದವನು ಸಿದ್ದಿ ಮಸೂದ್ ಖಾನ್. ರಾಯರನ್ನು ಪರೀಕ್ಷಿಸಲೆಂದು ಆತ ಮಾಂಸದ ತಟ್ಟೆಯನ್ನು ಬಟ್ಟೆ ಮುಚ್ಚಿ ತಂದಿಟ್ಟದ್ದು, ತೀರ್ಥ ಪ್ರೋಕ್ಷಣೆಯಾಗಿ ಬಟ್ಟೆ ಸರಿಸಿದಾಗ ಅದು ಹೂಹಣ್ಣುಗಳಾಗಿದ್ದದ್ದು ನಮ್ಮ ಮಕ್ಕಳಿಗೂ ಗೊತ್ತಿರುವ ಕತೆ. ನಾಚಿದ ನವಾಬ ಫಲವತ್ತಾದ ಭೂಮಿಯನ್ನು ಕೊಡಲು ಮುಂದಾದರೆ, ರಾಯರು ಬೇಡಿದ್ದು ಮಂಚಾಲೆಯೆಂಬ ಬರಡು ಹಳ್ಳಿಯನ್ನು. ಅಲ್ಲಿ ಹಿಂದೆ ಪ್ರಹ್ಲಾದನು ಯಜ್ಞ ಮಾಡಿದ್ದನೆಂಬುದು ಕಾರಣ. ಇದು ಐತಿಹ್ಯ, ಆದರೆ ನಂಬುವವರಿಗೂ ನಂಬದವರಿಗೂ ಮಂತ್ರಾಲಯ ಕಣ್ಣೆದುರಿಗೇ ಇದೆ. ತಮಿಳು ಸೀಮೆಯ ಭುವನಗಿರಿಯಲ್ಲಿ ಹುಟ್ಟಿದ ರಾಘವೇಂದ್ರ ತೀರ್ಥರು 1671ರ ಶ್ರಾವಣ ಬಹುಳ ಬಿದಿಗೆಯಂದು ಅಲ್ಲಿಯೇ ವೃಂದಾವನಸ್ಥರಾದರು. ಇಂದಿಗೂ ಕ್ರಮ ಬಲ್ಲ ಭಕ್ತರು ಮೊದಲು ಕೈಮುಗಿಯುವುದು ರಾಯರಿಗಲ್ಲ, ಗ್ರಾಮದೇವತೆ ಮಂಚಾಲಮ್ಮನಿಗೆ. ಮಧ್ವಮತದ ಯತಿಗಳು ಊರಿನ ಅಮ್ಮನ ಅಪ್ಪಣೆ ಪಡೆದು ನೆಲೆಸಿದರು ಎಂಬ ಭಾವನೆ ಅದರ ಹಿಂದಿದೆ.

ಅದೇ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿ ಆದವಾನಿಯಲ್ಲಿದೆ. 1680ರ ದಶಕದ ಕೊನೆಗೆ ಔರಂಗಜೇಬನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಮಸೂದ್ ಖಾನ್ ಬಗ್ಗಲಿಲ್ಲವಂತೆ. ಸೇನಾಪತಿಯು ಫಿರಂಗಿಯ ಬಾಯನ್ನು ಆ ಮಸೀದಿಯ ಕಡೆಗೆ ತಿರುಗಿಸಿದಾಗ ಮಾತ್ರ, ಅದಕ್ಕೆ ಗುಂಡು ತಾಗುವುದನ್ನು ನೋಡಲಾರದೆ ಕೋಟೆಯನ್ನೇ ಬಿಟ್ಟುಕೊಟ್ಟನಂತೆ. ಮಠಕ್ಕೆ ಊರು ಬಿಟ್ಟುಕೊಟ್ಟವನೂ ಮಸೀದಿಗಾಗಿ ಕೋಟೆ ಬಿಟ್ಟುಕೊಟ್ಟವನೂ ಒಬ್ಬನೇ. ಮಂತ್ರಾಲಯದಿಂದ ನೇರ ಹಿಂತಿರುಗುವ ನಮ್ಮವರು ಅರ್ಧ ಕತೆಯನ್ನಷ್ಟೇ ಊರಿಗೆ ತರುತ್ತಾರೆಂದು ಆ ಮಸೀದಿಯ ಮುಂದೆ ನಿಂತಾಗ ನಮಗನಿಸಿತು.

ಕೌತಾಳಂ ಕಡೆಯದೇ ಉರುಕುಂದ. ಅಲ್ಲಿಯ ದೇವರು ನರಸಿಂಹ ಈರಣ್ಣ. ನರಸಿಂಹ ವೈಷ್ಣವರವನು, ಈರಣ್ಣ ಶೈವರ ಮನೆಯ ಹೆಸರು; ಇವೆರಡು ಹೇಗೆ ಕೂಡಿದವೆಂದು ಶಾಸ್ತ್ರ ಬಲ್ಲವರು ತಲೆ ಕೆಡಿಸಿಕೊಳ್ಳಲಿ. ಶ್ರಾವಣದ ಸೋಮವಾರ, ಗುರುವಾರಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಡಿಯ ಈಚೆಯ ರಾಯಚೂರು, ಬಳ್ಳಾರಿಗಳಿಂದಲೂ ಜನ ಹರಿದುಬರುತ್ತದೆ. ಅದೇ ತಿಂಗಳಲ್ಲಿ ರಾಯರ ಆರಾಧನೆ.

ಇದೇ ಜಿಲ್ಲೆಯಲ್ಲಿ, ಪತ್ತಿಕೊಂಡದ ಕಡೆಗೆ, ಎರ್ರಗುಡಿಯೆಂಬ ಹಳ್ಳಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1929ರಲ್ಲಿ ಬೆಳಕಿಗೆ ಬಂದವು. ಹದಿನಾಲ್ಕು ಬಂಡೆ ಶಾಸನಗಳ ಪೈಕಿ ಹನ್ನೆರಡನೆಯದರಲ್ಲಿ ಆ ಬೌದ್ಧ ಚಕ್ರವರ್ತಿ ಎಲ್ಲ ಪಂಥದವರನ್ನೂ ಗೌರವಿಸುವುದಾಗಿ ಹೇಳುತ್ತಾನೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರಪಂಥವನ್ನು ತೆಗಳುವವನು ತನ್ನದಕ್ಕೇ ಕೆಡುಕು ಮಾಡುತ್ತಾನೆಂದು ಎಚ್ಚರಿಸುತ್ತಾನೆ. ಸುತ್ತಲಿನ ಹಳ್ಳಿಗರಿಗೆ ಆ ಬ್ರಾಹ್ಮೀ ಅಕ್ಷರಗಳನ್ನು ಓದಲು ಬಾರದು. ಹರಕೆಯ ಹೆಸರಿಡಲು ಅವರು ಅದನ್ನು ಓದಬೇಕಾಗಿಯೂ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಬಣ್ಣ ಕಟ್ಟಿದಂತಾಗುತ್ತದೆ. ಹೊಳಗುಂದದ ಕಡೆ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ನಡೆಯುತ್ತದೆ. ಉತ್ಸವಮೂರ್ತಿಗಳನ್ನು ತಮ್ಮ ಕಡೆಗೆ ಒಯ್ಯಲು ಹಳ್ಳಿಹಳ್ಳಿಯವರು ದೊಣ್ಣೆ, ದೀವಟಿಗೆ ಹಿಡಿದು ಬಡಿದಾಡುತ್ತಾರೆ. ವರ್ಷ ವರ್ಷವೂ ಹತ್ತಾರು ತಲೆಗಳು ಒಡೆಯುತ್ತವೆ, ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಮತ್ತೆ ನುಗ್ಗುವವರೂ ಇದ್ದಾರೆ. ಕೆಲವು ವರ್ಷ ಪ್ರಾಣಗಳೇ ಹೋಗಿವೆ. ಪೊಲೀಸರು ತಿಳಿಹೇಳುತ್ತಾರೆ, ಕಾವಲು ಹಾಕುತ್ತಾರೆ, ಬನ್ನಿ ನಿಂತಿಲ್ಲ. ಇದನ್ನು ಸಂಪ್ರದಾಯವೆಂದು ಕೊಂಡಾಡಲು ನಮ್ಮಿಂದಾಗದು. ಜಾತಿಯ ಗೆರೆಯೂ ಅಲ್ಲಿ ಅಳಿಸಿಹೋಗಿಲ್ಲ. ಅಲಾಯಿ ಕುಣಿಯ ಸುತ್ತ ಒಟ್ಟಾಗಿ ಕುಣಿದವರೆಲ್ಲ ಮರುದಿನ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆಂದು ಯಾರೂ ನಮಗೆ ಹೇಳಲಿಲ್ಲ.

ನಮ್ಮ ಓದುಗರಿಗೆ ಹೆಚ್ಚು ಹತ್ತಿರದ ವಿಷಯವೊಂದಿದೆ. ಕಚೇರಿಯಿಂದಲೂ ಪೇಟೆಯ ಬೋರ್ಡುಗಳಿಂದಲೂ ಹೊರಟುಹೋದ ಕನ್ನಡ ಅಲ್ಲಿ ಎಲ್ಲಿ ಉಳಿದಿದೆ? ದಾಸವರೇಣ್ಯರಾದ ವಿಜಯದಾಸರು (1682-1755) ಕೊನೆಗಾಲ ಕಳೆದದ್ದು ಗುಂತಕಲ್ಲಿನ ಸಮೀಪದ ಚಿಪ್ಪಗಿರಿಯಲ್ಲಿ. ಅದೂ ಈಗ ಕರ್ನೂಲು ಜಿಲ್ಲೆಯೇ. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಅಲ್ಲಿ ಸೇರುವವರು ಹಾಡುವುದು ಕನ್ನಡದ ಪದಗಳನ್ನು. ಆದವಾನಿ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿಯೇ, ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದರು. 1831ರಲ್ಲಿ ಇಡೀ ಗ್ರಂಥ ಅಚ್ಚಾಯಿತು. ಬಾಸೆಲ್ ಮಿಶನಿನವರು ಮಂಗಳೂರಿಗೆ ಕಾಲಿಟ್ಟದ್ದು ಅದಾಗಿ ಮೂರು ವರ್ಷಕ್ಕೆ.

ಆದವಾನಿಯಲ್ಲಿ ಒಂದು ಸಂಜೆ ನಾವು ಭಜನೆಗೆ ಹೋಗಿ ಕುಳಿತೆವು. ಹೆಂಗಸರು ಪುರಂದರದಾಸರನ್ನು, ವಿಜಯದಾಸರನ್ನು ಚೆನ್ನಾಗಿಯೇ ಹಾಡಿದರು. ಪಕ್ಕದಲ್ಲಿದ್ದ ಹುಡುಗಿಯ ಕೈಯಲ್ಲಿದ್ದ ಪುಸ್ತಕವನ್ನು ನೋಡಿದೆವು. ಪದ ಕನ್ನಡದ್ದು, ಅಚ್ಚಾದದ್ದು ತೆಲುಗು ಅಕ್ಷರದಲ್ಲಿ. "ಕನ್ನಡ ಓದಾಕ ಬರ್ತದೇನಮ್ಮಾ?" ಎಂದು ಅಲ್ಲಿಯ ಮಾತಿನಲ್ಲೇ ಕೇಳಲು ಹೊರಟೆವು. "ಮಾತಾಡಾಕ ಬರ್ತದ, ಹಾಡಾಕ ಬರ್ತದ" ಎಂದಳು. ಅಜ್ಜಿ ಮಾತ್ರ ಕನ್ನಡ ಅಕ್ಷರದ ಹಳೆಯ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ದೇವರು ಭಾಷೆಯನ್ನು ಉಳಿಸುತ್ತಾನೆ ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. 2017ರ ಮಲಯಾಳ ಕಡ್ಡಾಯ ಕಾಯ್ದೆಯ ಗದ್ದಲದಲ್ಲಿಯೂ ಯಕ್ಷಗಾನ, ಭಜನೆಗಳಿರುವವರೆಗೆ ಕನ್ನಡಕ್ಕೆ ಭಯವಿಲ್ಲವೆಂಬ ಮಾತು ನಮ್ಮ ಕಿವಿಗೆ ಬಿದ್ದಿತ್ತು. ಭಜನೆ ನಾಲಗೆಯನ್ನು ಉಳಿಸಿದ್ದು ನಿಜ. ಅಕ್ಷರವನ್ನು ಉಳಿಸಬೇಕಾದದ್ದು ಶಾಲೆ.

ಗಡಿಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಇನ್ನೂ ಇವೆ. ಹೊರಡುವ ದಿನ ಒಂದಕ್ಕೆ ಹೋದೆವು. ಮಾಸ್ತರರು ಸಂತೋಷದಿಂದ ಕುರ್ಚಿ ಹಾಕಿಸಿ, ನಮ್ಮೆದುರೇ ಹಾಜರಿ ಕರೆದರು. ಉರುಕುಂದಪ್ಪ, ಹುಸೇನಮ್ಮ, ರಾಘವೇಂದ್ರ, ಖಾದರಲಿಂಗ, ಈರಮ್ಮ, ಮಂಚಾಲಪ್ಪ, ಫಕೀರಪ್ಪ. ಸೀಮೆಯ ದೇವರುಗಳೆಲ್ಲ ಒಂದೇ ಪಟ್ಟಿಯಲ್ಲಿ ಇದ್ದರು. ಆದರೆ "ಹಾಜರ್ ಸಾರ್" ಎಂದು ಉತ್ತರ ಬಂದದ್ದು ಅರ್ಧದಷ್ಟು ಹೆಸರುಗಳಿಗೂ ಅಲ್ಲ. ಮಳೆ ಕೈಕೊಟ್ಟ ವರ್ಷ ಕೋಸಗಿ, ಕೌತಾಳಂ ಕಡೆಯ ಮನೆಮನೆಗಳೇ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ. ಮಕ್ಕಳನ್ನು ಯಾರ ಬಳಿ ಬಿಟ್ಟುಹೋಗುವುದು?

"ಯಾವಾಗ ಬರ್ತಾರೆ?" ಎಂದು ಕೇಳಿದೆವು.

"ಯುಗಾದಿಗೆ ಬರ್ತಾರ್ರೀ. ಕೆಲವರು ಅಲಾಯಿ ಹಬ್ಬಕ್ಕ" ಎಂದು ಮಾಸ್ತರರು ಹಾಜರಿ ಪುಸ್ತಕ ಮುಚ್ಚಿದರು.