ಗಾಳಿಯ ಕಡಿವಾಣ

ವೇಗೋತ್ಕರ್ಷ ಅಳೆಯುವ ಸಿಲಿಕಾನ್ ಸಂವೇದಕದೊಳಗೆ ಇರುವುದಿಷ್ಟು: ಒಂದು ಪುಟ್ಟ ಫಲಕ, ಅದನ್ನು ಹಿಡಿದಿರುವ ಸಣ್ಣ ಸ್ಪ್ರಿಂಗುಗಳು. ಕಾರು ಗಕ್ಕನೆ ನಿಂತರೆ ಫಲಕ ಮುಂದಕ್ಕೆ ಜರುಗುತ್ತದೆ; ಎಷ್ಟು ಜರುಗಿತೆಂದು ನೋಡಿ ಏರ್‌ಬ್ಯಾಗ್ ಬಿಚ್ಚಬೇಕೇ ಎಂದು ಚಿಪ್ ತೀರ್ಮಾನಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ರಾಯ್ಲಾನ್ಸ್ ಮತ್ತು ಏಂಜೆಲ್ 1979ರಲ್ಲೇ ಇಂಥದ್ದೊಂದನ್ನು ಮಾಡಿ ತೋರಿಸಿದ್ದರು.

ತೊಡಕು ಸಿಲಿಕಾನ್‌ನ ಒಳ್ಳೆಯತನದಲ್ಲೇ ಇದೆ. ಅಷ್ಟು ಚೊಕ್ಕ ಸ್ಪ್ರಿಂಗ್ ಬೇರೆ ಸಿಗುವುದು ಕಷ್ಟ. ನಿರ್ವಾತದಲ್ಲಿ ಒಮ್ಮೆ ತಟ್ಟಿದರೆ ಸಾವಿರಾರು ಸಲ ತೂಗಾಡುತ್ತದೆ. ಹಳೆಯ ಪೆಟ್ಟು ಇನ್ನೂ ಅನುರಣಿಸುತ್ತಿರುವಾಗ ಹೊಸದನ್ನು ಅಳೆಯುವುದೆಂತು? ತೂಗಾಟವನ್ನು ತಗ್ಗಿಸಬೇಕು, ಆದರೆ ಫಲಕ ಜಡವಾಗಬಾರದು. ಹೀಗೆ ತೂಗಾಟ ತಗ್ಗಿಸುವುದಕ್ಕೆ ಡ್ಯಾಂಪಿಂಗ್ ಎನ್ನುತ್ತಾರೆ.

ಈ ಕೆಲಸಕ್ಕೆ ಇಟ್ಟುಕೊಂಡ ಆಳು ಗಾಳಿ. ನುಣುಪಾದ ಗ್ರಾನೈಟ್ ನೆಲಕ್ಕೆ ಕಾಗದವನ್ನು ಅಡ್ಡಲಾಗಿ ಬಿಟ್ಟರೆ ಕೊನೆಯ ಗಳಿಗೆಯಲ್ಲಿ ತೇಲಿ ಜಾರುತ್ತದಲ್ಲ, ಅಡಿಯ ಗಾಳಿಗೆ ಹೊರಬರಲು ಪುರುಸೊತ್ತಿಲ್ಲ. ಇಲ್ಲೂ ಅಷ್ಟೇ: ಫಲಕಕ್ಕೂ ಎದುರಿನ ಗೋಡೆಗೂ ನಡುವೆ ಇರುವುದು ಒಂದೆರಡು ಮೈಕ್ರಾನ್ ಸಂದು. ಅದು ಅರ್ಧವಾದರೆ ಗಾಳಿಯ ತಡೆ ಎಂಟು ಪಟ್ಟು. ಸಂದು ಬರಿಯ ಶೇ. 10ರಷ್ಟು ಕಿರಿದಾದರೂ ತಡೆ ಸುಮಾರು ಶೇ. 37 ಏರುತ್ತದೆ. ಕೆತ್ತುವವರ ಕೈಚಳಕ ಎಂಥದಿರಬೇಕು, ಊಹಿಸಿ.

ನನಗೆ ಬಹಳ ಹಿಡಿಸುವುದು ಫಲಕದ ತೂತುಗಳು. ಅಡಿಯಲ್ಲಿರುವ ಆಕ್ಸೈಡ್ ಪದರವನ್ನು ಕರಗಿಸಿ ಫಲಕವನ್ನು ಬಿಡಿಸಬೇಕಲ್ಲ, ಆಮ್ಲ ಒಳಹೋಗಲು ಅವು ಬೇಕೇಬೇಕು. ಆಮೇಲೆ ಅದೇ ದಾರಿಯಲ್ಲಿ ಗಾಳಿ ಹೊರಬರುತ್ತದೆ. ತೂತು ಹೆಚ್ಚಾದರೆ ಫಲಕದ ತೂಕ ಇಳಿಯುತ್ತದೆ. ಕಡಿಮೆಯಾದರೆ, ವೇಗದ ಕಂಪನದಲ್ಲಿ ಸಿಕ್ಕಿಬಿದ್ದ ಗಾಳಿ ತಾನೇ ಸ್ಪ್ರಿಂಗಾಗಿ ಲೆಕ್ಕ ಕೆಡಿಸುತ್ತದೆ.

ಎಣ್ಣೆ ತುಂಬಬಹುದಿತ್ತಲ್ಲವೇ? ತುಂಬಿದ್ದೂ ಉಂಟು. ಆದರೆ ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬಿಸಿಗೆ ನೀರಾಗುತ್ತದೆ. ಮೈನಸ್ 40ರಿಂದ 85 ಡಿಗ್ರಿಯವರೆಗೆ ಗಾಳಿಯ ಸ್ನಿಗ್ಧತೆ ಒಂದೂವರೆ ಪಟ್ಟೂ ಬದಲಾಗದು. ಒತ್ತಡ ಬದಲಾದರೂ ಅನಿಲದ ಸ್ನಿಗ್ಧತೆ ಬದಲಾಗದೆಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1860ರಲ್ಲೇ ಲೆಕ್ಕ ಹಾಕಿದ್ದ. ನಂಬಲಾಗದೆ, ಹೆಂಡತಿ ಕ್ಯಾಥರೀನ್ ನೆರವಿನಿಂದ ಮನೆಯಲ್ಲೇ ಪ್ರಯೋಗ ಮಾಡಿ ನೋಡಿದ. ಆದರೆ ಇಷ್ಟು ಕಿರಿದಾದ ಸಂದಿನಲ್ಲಿ ಒತ್ತಡ ತೀರ ಇಳಿದರೆ ಆ ನಿಯಮ ಸಡಿಲಗೊಳ್ಳುತ್ತದೆ. ಆದ್ದರಿಂದ ಸಂವೇದಕದ ಮುಚ್ಚಳದೊಳಗೆ ಎಷ್ಟು ಒತ್ತಡದ ಅನಿಲವನ್ನು ಸೀಲ್ ಮಾಡಬೇಕೆಂಬುದೂ ವಿನ್ಯಾಸದ ಭಾಗವೇ.

ಗಾಳಿಗೆ ಸಂಬಳವನ್ನೂ ಕೊಡಬೇಕು. ತಡೆಯೊಡ್ಡುವ ಅಣುಗಳೇ ಫಲಕವನ್ನು ಸದಾ ತಟ್ಟುತ್ತಿರುತ್ತವೆ, ಅದು ಅಳತೆಯಲ್ಲಿ ಗದ್ದಲವಾಗಿ ಕಾಣುತ್ತದೆ. ನೆಲದ ಅತಿ ಸೂಕ್ಷ್ಮ ನಡುಕ ಹಿಡಿಯುವ ಸಂವೇದಕಗಳಲ್ಲಿ ಗಾಳಿಯನ್ನೇ ಹೊರಗೆಳೆದು, ಫಲಕವನ್ನು ವಿದ್ಯುತ್ ಬಲದಿಂದ ಹಿಡಿದು ನಿಲ್ಲಿಸುವುದುಂಟು.