ಮುಟ್ಟು ತಡವಾದರೆ ಮುಚ್ಚಿಡಬೇಡಿ

ಮೂರು ತಿಂಗಳಾದರೂ ಮುಟ್ಟಾಗಿಲ್ಲವೇ? ಮೊಡವೆ ಮಾಯುತ್ತಿಲ್ಲವೇ? ಗಲ್ಲದ ಮೇಲೆ ಒರಟು ಕೂದಲು ಮೂಡುತ್ತಿದೆಯೇ? ಬೇರೆ ಬೇರೆ ತೊಂದರೆಗಳಂತೆ ಕಂಡರೂ ಕೆಲವೊಮ್ಮೆ ಇವುಗಳ ಮೂಲ ಒಂದೇ. ವೈದ್ಯರು ಅದನ್ನು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಚಿಕ್ಕದಾಗಿ ಪಿ.ಸಿ.ಓ.ಎಸ್., ಎನ್ನುತ್ತಾರೆ. ಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರಿಗೆ ಇದು ಇರುತ್ತದೆ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಮಹಿಳೆಯರಲ್ಲಿ ಇದನ್ನು ಗುರುತಿಸಿ ವಿವರಿಸಿದರು.

ಹಾಗಾದರೆ ದೇಹದೊಳಗೆ ನಡೆಯುವುದೇನು? ಸಾಮಾನ್ಯವಾಗಿ ಪ್ರತಿ ತಿಂಗಳೂ ಅಂಡಾಶಯದ ಒಂದು ಕೋಶಿಕೆ ಬಲಿತು ಅಂಡಾಣುವನ್ನು ಹೊರಬಿಡುತ್ತದೆ. ಈ ತೊಂದರೆಯಿರುವ ಅನೇಕರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ದೇಹ ಅದನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಆಂಡ್ರೋಜನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಮೊಡವೆ, ಕೂದಲಿಗೆ ಇದೇ ಕಾರಣ. ಕೋಶಿಕೆಗಳು ಅರ್ಧದಲ್ಲೇ ನಿಲ್ಲುತ್ತವೆ. ಜನ 'ನೀರುಗುಳ್ಳೆ' ಎನ್ನುವುದು ಇವನ್ನೇ, ಇವು ಗಡ್ಡೆಗಳಲ್ಲ. ಅಂಡಾಣು ಹೊರಬರದಿದ್ದರೆ ಮುಟ್ಟು ತಪ್ಪುತ್ತದೆ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪದರದ ಕ್ಯಾನ್ಸರಿನ ಅಪಾಯವೂ, ಇನ್ಸುಲಿನ್ ದೋಷದಿಂದ ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚುತ್ತವೆ.

ಆದರೆ ಗಾಬರಿ ಬೇಡ. ದೊಡ್ಡವಳಾದ ಮೊದಲ ವರ್ಷದಲ್ಲಿ ಮುಟ್ಟು ಏರುಪೇರಾಗುವುದು ಸಹಜ. ಮೂರು ವರ್ಷ ಕಳೆದ ಮೇಲೂ 35 ದಿನಗಳಿಗಿಂತ ತಡವಾಗುತ್ತಲೇ ಇದ್ದರೆ, ಅಥವಾ ಮೊದಲ ವರ್ಷದ ನಂತರ ಒಮ್ಮೆಯಾದರೂ 90 ದಿನ ಮೀರಿದರೆ, ವೈದ್ಯರನ್ನು ಕಾಣಿರಿ. ಥೈರಾಯಿಡ್ ದೋಷದಿಂದಲೂ ಹೀಗಾಗಬಹುದು. ಆದ್ದರಿಂದ ರಕ್ತಪರೀಕ್ಷೆ ಬೇಕು. ಹದಿಹರೆಯದಲ್ಲಿ ಸ್ಕ್ಯಾನಿಂಗ್ ಒಂದನ್ನೇ ನಂಬಿ ಈ ಕಾಯಿಲೆಯೆಂದು ತೀರ್ಮಾನಿಸುವಂತಿಲ್ಲ. ಆ ವಯಸ್ಸಿನ ಆರೋಗ್ಯವಂತ ಅಂಡಾಶಯದಲ್ಲೂ ಹಲವು ಕೋಶಿಕೆಗಳು ಕಾಣುತ್ತವೆ.

'ಇವಳಿಗೆ ಮಕ್ಕಳಾಗುವುದಿಲ್ಲ' ಎಂಬ ಮಾತು ಸುಳ್ಳು. ಅನೇಕರು ತಾವಾಗಿಯೇ ಗರ್ಭಿಣಿಯರಾಗುತ್ತಾರೆ. ಉಳಿದವರಲ್ಲಿ ಬಹುಮಂದಿಗೆ ಅಂಡಾಣು ಬಿಡುಗಡೆಗೆ ನೆರವಾಗುವ ಮಾತ್ರೆಗಳು ಫಲ ಕೊಡುತ್ತವೆ. ತೆಳ್ಳಗಿರುವವರಿಗೂ ಇದು ಬರುವುದರಿಂದ 'ತಿಂದು ಬಂದ ರೋಗ' ಎಂದು ಹಂಗಿಸುವುದೂ ತಪ್ಪು. ದಿನವೂ ನಡಿಗೆ ಅಥವಾ ಆಟ, ಮಿತವಾದ ಅನ್ನದೊಂದಿಗೆ ಕಾಳು, ತರಕಾರಿ, ಮೀನು, ಬೇಕಿದ್ದರೆ ವೈದ್ಯರು ಕೊಡುವ ಔಷಧ: ಇವುಗಳಿಂದ ಇದನ್ನು ಹತೋಟಿಯಲ್ಲಿಡಬಹುದು.

ಪುತ್ತಿಗೆಯ ವಿದ್ಯಾರ್ಥಿನಿಯರಿಗೆ ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರ ಹತ್ತಿರವಿದೆ. ಮಂಗಳೂರಿನಲ್ಲಿ ಸರಕಾರಿ ಲೇಡಿ ಗೋಶನ್ ಆಸ್ಪತ್ರೆಯಿದೆ. ಮುಟ್ಟಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. ವೈದ್ಯರು ಮೊದಲು ಕೇಳುವುದೇ ಅದನ್ನು.